ಇಪ್ಪತ್ತು ವರ್ಷ ಮಲಗಿದ ಯೆಜ್ಡಿ: ದಯವಿಟ್ಟು ಕಿಕ್ ಹೊಡೆಯಬೇಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. 2005ರವರೆಗೆ ಅವರೇ ಓಡಿಸುತ್ತಿದ್ದರು. ಆಮೇಲೆ ಮೊಣಕಾಲು ನೋವು ಅಂತ ಬಿಟ್ಟರು. ಗಾಡಿ ದನದ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ, ತೊಗರಿ ಚೀಲಗಳ ಹಿಂದೆ ಉಳಿದುಬಿಟ್ಟಿತು. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ಈ ದೀಪಾವಳಿಗೆ ಕೋಣೆ ಸ್ವಚ್ಛ ಮಾಡುವಾಗ ಹೊರಗೆ ತಂದೆವು. ಕಿಕ್ಕರ್ ಅಲ್ಲಾಡುವುದೇ ಇಲ್ಲ. ಕಲಬುರಗಿಯ ಒಬ್ಬ ಮೆಕ್ಯಾನಿಕ್ ಫೋಟೊ ನೋಡಿ, ‘ಎಂಜಿನ್ ಜಾಮ್, ಬೋರ್ ಮಾಡಬೇಕು, ಬಣ್ಣ ಎಲ್ಲ ಸೇರಿ 65 ಸಾವಿರ’ ಅಂದರು. ಇನ್ನೊಬ್ಬರು ‘ಸುಮ್ನೆ ಗುಜರಿಗೆ ಹಾಕಿ’ ಅಂದರು. ನಮ್ಮ ಕಾಕಾ, ‘ಸೀಮೆಎಣ್ಣೆ ಸುರುವಿ ನಾಲ್ಕು ಮಂದಿ ದಬ್ಬಿದರೆ ತಾನೇ ಬಿಡುತ್ತದೆ’ ಅನ್ನುತ್ತಾರೆ. ಹೈದರಾಬಾದಿನ ಒಬ್ಬರು ಇದ್ದ ಹಾಗೇ ಕೊಡಿ ಅಂತ 30 ಸಾವಿರ ಹೇಳಿದ್ದಾರೆ. ಆರ್‌ಸಿ ಪುಸ್ತಕ ಇದೆ, ಅಪ್ಪನ ಹೆಸರಲ್ಲೇ ಇದೆ. 1999ರಲ್ಲಿ ಒಮ್ಮೆ ರಿನ್ಯೂವಲ್ ಆಗಿದೆ, ಅಷ್ಟೇ. ಯಾರ ಮಾತು ಕೇಳಲಿ? ಕೊನೆಗೆ ಒಂದು ಸಣ್ಣ ಮಾತು. ಟ್ಯಾಂಕಿನ ಬಲಗಡೆ ಒಂದು ನೆಗ್ಗು ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗಾಡಿ ಬೀಳಿಸಿದ್ದು. ಅದನ್ನು ತೆಗೆಸಬೇಡ ಅನ್ನುತ್ತಾಳೆ ಅವ್ವ. ಬಣ್ಣ ಹಚ್ಚಿಸಿದರೂ ಅದು ಉಳಿಯುತ್ತದಾ?

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ. ಒಳಗಿನ ಅಂಜಿಕೆ ಮಾತ್ರ ಒಂದೇ. ರೊಕ್ಕ ಹಾಕಿದ ಮೇಲೂ ಗಾಡಿ ಓಡದಿದ್ದರೆ? ಓಡಿದರೂ ಕಾಗದ ಆಗದಿದ್ದರೆ? ಅಂಜಿಕೆ ಸರಿಯಾದದ್ದೇ. ಆದರೆ ಈ ವಾರ ನಿಮ್ಮ ಗಾಡಿಗೆ ದೊಡ್ಡ ಅಪಾಯ ಇರುವುದು ಮೆಕ್ಯಾನಿಕ್‌ನಿಂದಲೂ ಅಲ್ಲ, ಗುಜರಿಯವರಿಂದಲೂ ಅಲ್ಲ. ನಿಮ್ಮ ಕಾಕಾನ ನಾಲ್ಕು ಮಂದಿಯಿಂದ.

ಮೂವತ್ತು ವರ್ಷದಿಂದ ಟೂ ಸ್ಟ್ರೋಕ್ ಗಾಡಿ ಬಿಚ್ಚುತ್ತಿದ್ದೇನೆ. ನಿಂತು ನಿಂತು ಹಾಳಾದ ಗಾಡಿಗಿಂತ, ಎಬ್ಬಿಸಿದ ಮೊದಲ ದಿನವೇ ಹಾಳಾದ ಗಾಡಿಗಳನ್ನು ಜಾಸ್ತಿ ನೋಡಿದ್ದೇನೆ. ಹಬ್ಬದ ದಿನ ಇರುತ್ತದೆ. ಸುತ್ತ ಹತ್ತು ಜನ ನಿಂತಿರುತ್ತಾರೆ. ಒಬ್ಬ ಬಾಟಲಿಯಲ್ಲಿ ಪೆಟ್ರೋಲ್ ತರುತ್ತಾನೆ. ಇನ್ನೊಬ್ಬ ಕಿಕ್ಕರ್ ಮೇಲೆ ಏರುತ್ತಾನೆ. ನಾನೂ ಏರಿದ್ದೇನೆ. ಆಗಿನ್ನೂ ಕೆಲಸ ಕಲಿಯುತ್ತಿದ್ದೆ. ಒಂದು ರಾಜ್‌ದೂತ್ ಹೀಗೇ ಜಾಮ್ ಆಗಿ ಬಂದಿತ್ತು. ಉಸ್ತಾದ್ ಚಹಾ ಕುಡಿಯಲು ಹೋಗಿದ್ದರು. ನಾನು ಜಾಣತನ ತೋರಿಸಲು ಕಿಕ್ಕರ್ ಮೇಲೆ ಹಾರಿದೆ. ‘ಟಕ್’ ಅಂತು. ಕಿಕ್ಕರ್ ಹಗುರಾಯಿತು. ಬಿಟ್ಟಿತು ಅಂತ ಖುಷಿಪಟ್ಟೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಮೂರು ತುಂಡು. ಒಂದು ತುಂಡು ಪೋರ್ಟಿಗೆ, ಅಂದರೆ ಒಳಗೋಡೆಯ ತೂತಿಗೆ ಸಿಕ್ಕಿ, ಬ್ಲಾಕಿನ (ಪಿಸ್ಟನ್ ಓಡಾಡುವ ಸಿಲಿಂಡರಿನ) ಒಳಗೆ ಮೊಳೆಯಿಂದ ಗೀರಿದ ಹಾಗೆ ಉದ್ದಕ್ಕೆ ಗೆರೆ ಎಳೆದಿತ್ತು. ಬ್ಲಾಕಿನ ಒಳಗೋಡೆ ಕೊರೆದು ನಯ ಮಾಡುವುದಕ್ಕೇ ಬೋರ್ ಅನ್ನುವುದು. ಆ ಬೋರಿನ ಖರ್ಚು ನನ್ನ ಪಗಾರದಲ್ಲಿ ಮುರಿದುಕೊಂಡರು. ಸರಿಯೇ ಮಾಡಿದರು.

ಈಗ ‘ಜಾಮ್’ ಅಂದರೆ ಏನು ಅಂತ ನೋಡೋಣ. ಕಾರು, ಬುಲೆಟ್ಟಿನ ಎಂಜಿನ್ನಿನಲ್ಲಿ ಆಯಿಲ್ ಒಳಗೇ ಇರುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೂ ಅದರ ಕೆಳಗೆ ತಿರುಗುವ ಕ್ರ್ಯಾಂಕಿಗೂ ಆಯಿಲ್ ಸಿಗುವುದು ಪೆಟ್ರೋಲ್ ಜೊತೆ ಬರುವ ಟೂಟಿ (2T) ಆಯಿಲ್‌ನಿಂದ ಮಾತ್ರ. ಗಾಡಿ ನಿಂತಾಗ ಉಳಿಯುವುದು ತೆಳ್ಳಗಿನ ಒಂದು ಪದರ. ವರ್ಷ ಎರಡು ವರ್ಷಕ್ಕೆ ಅದು ಅಂಟಾಗುತ್ತದೆ, ಆಮೇಲೆ ಒಣಗುತ್ತದೆ. ಪಿಸ್ಟನ್ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಯಾವುದೋ ಒಂದು ಪೋರ್ಟ್ ತೆರೆದೇ ಇರುತ್ತದೆ. ಎರಡು ಸೈಲೆನ್ಸರ್‌ನಿಂದ ಮಳೆಗಾಲದ ತೇವ ಒಳಗೆ ಬರುತ್ತದೆ. ಬ್ಲಾಕಿನ ಒಳಗೋಡೆ ಬೀಡು ಕಬ್ಬಿಣ. ರಿಂಗೂ ಕಬ್ಬಿಣ. ಎರಡಕ್ಕೂ ನಡುವೆ ತುಕ್ಕು ಹಿಡಿದರೆ ಅದೇ ಜಾಮ್. ಓಡುತ್ತಿರುವಾಗ ಕಾದು ಸೀಜ್ ಆಗುವುದು ಬೇರೆ, ಇದು ಬೇರೆ. ಅಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಹತ್ತಿರುತ್ತದೆ. ನಿಮ್ಮ ಗಾಡಿ ಓಡುತ್ತಲೇ ಕೋಣೆಗೆ ಹೋಗಿದೆ ಅಲ್ವಾ? ಹಾಗಿದ್ದರೆ ಇದು ಹೆಚ್ಚಾಗಿ ತುಕ್ಕಿನ ಜಾಮ್. ಇದು ಎಷ್ಟೋ ಸಲ ಬೋರ್ ಇಲ್ಲದೆಯೇ ಬಿಡುತ್ತದೆ. ಬಿಚ್ಚಿ ನೋಡದೆ ‘ಬೋರ್ ಮಾಡಲೇಬೇಕು’ ಅಂದರೆ ಅದು ಅಂದಾಜು. ಹೊಟ್ಟೆ ಮುಟ್ಟದೆ ಆಪರೇಷನ್ ಬರೆದುಕೊಟ್ಟ ಹಾಗೆ.

ಬಿಡಿಸುವ ಕ್ರಮ ಸರಳ. ಬೇಕಾಗುವುದು ಸಮಾಧಾನ. ಪ್ಲಗ್ ಬಿಚ್ಚಿ. ಅದರ ಸುತ್ತ ಮಣ್ಣು ಕಟ್ಟಿರುತ್ತದೆ, ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಎಲ್ಲ ಒಳಗೆ ಬೀಳುತ್ತದೆ. ಡೀಸೆಲ್ ಅರ್ಧ, ಟೂಟಿ ಆಯಿಲ್ ಅರ್ಧ ಕಲಸಿ, 50 ಎಂಎಲ್‌ನಷ್ಟು ಪ್ಲಗ್ಗಿನ ತೂತಿನಿಂದ ಬಿಡಿ. ಪ್ಲಗ್ ಕೈಯಲ್ಲೇ ತಿರುಗಿಸಿ ಮುಚ್ಚಿ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತಾ ಒಂದು ವಾರ ಬಿಡಿ. ಕಾಕಾ ಹೇಳಿದ ಸೀಮೆಎಣ್ಣೆ ತೀರಾ ತೆಳ್ಳಗೆ. ತುಕ್ಕಿನೊಳಗೆ ಇಳಿಯುತ್ತದೆ ನಿಜ, ಆದರೆ ಜಾರಲು ಏನೂ ಉಳಿಸುವುದಿಲ್ಲ. ವಾರದ ನಂತರ ಪ್ಲಗ್ ತೆಗೆದು, ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನಾಲ್ಕನೇ ಗೇರಿಗೆ ಹಾಕಿ. ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಂಚು ಮುಂದೆ, ಒಂದಿಂಚು ಹಿಂದೆ ಆಡಿಸಿ. ತೊಟ್ಟಿಲು ತೂಗಿದ ಹಾಗೆ. ಬಿಡುವಾಗ ಕೈಗೇ ಗೊತ್ತಾಗುತ್ತದೆ. ಮೊದಲು ರಬ್ಬರಿನ ಹಾಗೆ ಎಳೆದು ವಾಪಸ್ ಬರುತ್ತದೆ. ಆಮೇಲೆ ಕರಕರ ಅಂತ ಒಂದಿಷ್ಟು ಸರಿಯುತ್ತದೆ. ಅಲ್ಲಿಗೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ, ಮರುದಿನ ನೋಡಿ.

ಕಿಕ್ಕರ್ ಯಾಕೆ ಬೇಡ ಅಂದರೆ, ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಚಂದದ ಉಪಾಯ. ಆದರೆ ಅಲ್ಲಿ ಜುಲುಮೆ ಮಾಡಿ ಒಳಗಿನ ಹಲ್ಲು ಮುರಿದರೆ ಸ್ಟಾರ್ಟೂ ಹೋಯಿತು, ಗೇರೂ ಹೋಯಿತು. ದಬ್ಬುವುದೂ ಅಷ್ಟೇ ಕೆಟ್ಟದ್ದು. ಹಾಗೆಂದು ಎಲ್ಲವೂ ಚಕ್ರ ಆಡಿಸಿಯೇ ಬಿಡುತ್ತದೆ ಅಂತಲ್ಲ. ಹದಿನೈದು ದಿನಕ್ಕೂ ಅಲ್ಲಾಡದಿದ್ದರೆ ಬ್ಲಾಕಿನ ಮೇಲಿನ ಮುಚ್ಚಳ, ಅಂದರೆ ಹೆಡ್ ತೆಗೆದು, ಬ್ಲಾಕ್ ಬಿಸಿ ಮಾಡಿ, ಮರದ ತುಂಡು ಇಟ್ಟು ತಟ್ಟಬೇಕಾಗುತ್ತದೆ. ಅದು ಅನುಭವ ಇರುವ ಕೈಯ ಕೆಲಸ. ನೀವು ಮಾಡಬೇಡಿ.

ಎಂಜಿನ್ ಬಿಟ್ಟಿತು ಅಂದುಕೊಳ್ಳಿ. ಎಲ್ಲರೂ ತಪ್ಪುವುದು ಇಲ್ಲೇ. ತಕ್ಷಣ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡುತ್ತಾರೆ. ಆಗಿಬಿಡುತ್ತದೆ ಕೂಡ! ಊರೆಲ್ಲ ಡುಬುಡುಬು ಕೇಳುತ್ತದೆ. ವಿಡಿಯೊ ಮಾಡುತ್ತಾರೆ. ಹದಿನೈದು ದಿನಕ್ಕೆ ನನ್ನ ಹತ್ತಿರ ಆಟೊದಲ್ಲಿ ಬರುತ್ತದೆ.

ಕಾರಣ ಆಯಿಲ್ ಸೀಲ್. ನಿಮ್ಮ ಗಾಡಿಯಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಅನುಮಾನಪಡುವುದು ಇದನ್ನೇ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕಿನ ಕೋಣೆಯೇ ಪಂಪು. ಅದೇ ಪೆಟ್ರೋಲು ಗಾಳಿ ಎಳೆದು, ಒತ್ತಿ, ಮೇಲೆ ಕಳಿಸುತ್ತದೆ. ಈ ಕೋಣೆ ಎರಡೂ ಕಡೆ ಗಾಳಿ ಹೋಗದ ಹಾಗೆ ಮುಚ್ಚಿರಬೇಕು. ಮುಚ್ಚುವುದು ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲುಗಳು. ಇಪ್ಪತ್ತು ವರ್ಷದಲ್ಲಿ ಅವು ಒಣಗಿ ಹಪ್ಪಳ ಆಗಿರುತ್ತವೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬೆಳ್ಳಗೆ ಹೊಗೆ ಬಿಡುತ್ತದೆ. ಇದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅಷ್ಟು ಮೋಸ ಇಲ್ಲ. ಬಲಗಡೆ, ಡೈನಮೋ ಕಡೆಯದು ಹೋದರೆ ಗಾಳಿ ಎಳೆಯುತ್ತದೆ. ಹೊಗೆ ಇಲ್ಲ, ಸೋರಿಕೆ ಇಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಕಡಿಮೆ ಅಂದರೆ ಆಯಿಲೂ ಕಡಿಮೆ. ಗಾಡಿ ಮೊದಲಿಗಿಂತ ಚುರುಕಾದ ಹಾಗೇ ಅನಿಸುತ್ತದೆ. ಆಮೇಲೆ ಎಕ್ಸಲೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಮುಂದೆ ಒಂದು ದಿನ ರಸ್ತೆಯಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ. ಆಗ ಕ್ಲಚ್ ಹಿಡಿಯಲು ಅರ್ಧ ಸೆಕೆಂಡೂ ಸಿಗುವುದಿಲ್ಲ.

ಆದ್ದರಿಂದ ಎಂಜಿನ್ ಬಿಟ್ಟರೂ ಕೆಳಗಿಳಿಸಿ ಬಿಚ್ಚಿಸಿ. ಎರಡೂ ಸೀಲು, ಎಲ್ಲ ಪ್ಯಾಕಿಂಗು ಹೊಸದಾಗಬೇಕು. ಕ್ರ್ಯಾಂಕಿನ ಬೇರಿಂಗುಗಳನ್ನು ತೊಳೆದು ಬೆರಳಲ್ಲಿ ತಿರುಗಿಸಿ ನೋಡಲಿ. ಮರಳು ಸಿಕ್ಕಿದ ಹಾಗೆ ಅನಿಸಿದರೆ ಬದಲಿಸಬೇಕು. ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲೆ ಕೆಳಗೆ ಎಳೆದಾಗ ಆಟ ಇರಬಾರದು. ಅಡ್ಡಕ್ಕೆ ಸ್ವಲ್ಪ ಇರುತ್ತದೆ, ಅದಕ್ಕೆ ಅಂಜಬೇಡಿ. ಮೇಲೆ ಕೆಳಗೆ ಆಟ ಇದ್ದರೆ ಅಥವಾ ರೋಲರ್‌ಗಳಿಗೆ ತುಕ್ಕು ತಿಂದಿದ್ದರೆ ರಾಡ್ ಕಿಟ್ ಹಾಕಿಸಬೇಕು. ಈ ಕ್ರ್ಯಾಂಕ್ ಒತ್ತಿ ಕೂರಿಸಿದ್ದು. ಬಿಚ್ಚಿ ಮತ್ತೆ ಒತ್ತಿದಾಗ ಎರಡೂ ಕಡೆ ಒಂದೇ ನೇರಕ್ಕೆ ಬರಬೇಕು. ಅದನ್ನು ಡಯಲ್ ಗೇಜ್ (ಕೂದಲೆಳೆಯಷ್ಟು ಓಲಾಟವನ್ನೂ ತೋರಿಸುವ ಅಳತೆ ಸಾಧನ) ಇಟ್ಟು ನೋಡುವವರ ಹತ್ತಿರವೇ ಮಾಡಿಸಿ. ಲೇತ್ ಇದ್ದವರೆಲ್ಲ ಈ ಕೆಲಸ ಮಾಡಲಾರರು. ‘ಡಯಲ್ ಗೇಜ್ ಇದೆಯಾ?’ ಅಂತ ಒಂದು ಮಾತು ಕೇಳಿ. ‘ಕಣ್ಣಳತೆ ಸಾಕು’ ಅಂದರೆ ಚಹಾ ಕುಡಿದು ವಾಪಸ್ ಬನ್ನಿ. ಆಳಂದದಿಂದ ಸೋಲಾಪುರ ದೂರ ಅಲ್ಲ. ಅಲ್ಲಿಯೂ ಹೈದರಾಬಾದಿನಲ್ಲೂ ವಿಚಾರಿಸಬಹುದು. ಕ್ರ್ಯಾಂಕ್ ಒಂದನ್ನೇ ಚೀಲದಲ್ಲಿ ಒಯ್ದರೆ ಸಾಕು.

ಬೋರ್ ಬೇಕೇ ಬೇಕು ಅಂತಾದರೆ ಒಂದು ನಿಯಮ. ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬ್ಲಾಕ್ ಕೊರೆಯಲಿ. ಓವರ್ ಸೈಜ್, ಅಂದರೆ ಮೂಲಕ್ಕಿಂತ ದಪ್ಪದ ಪಿಸ್ಟನ್ 0.25, 0.50, 0.75, 1 ಮಿಲಿಮೀಟರ್ ಹೀಗೆ ಬರುತ್ತವೆ. ಈಗ ಸಿಗುವ ಪಿಸ್ಟನ್ನುಗಳಲ್ಲಿ ಡಬ್ಬಿ ಮೇಲಿನ ಅಳತೆ ಒಂದು, ಒಳಗಿನದು ಇನ್ನೊಂದು ಆಗುವುದುಂಟು. ಮೊದಲೇ ಕೊರೆದಿಟ್ಟು ಆಮೇಲೆ ಪಿಸ್ಟನ್ ಹುಡುಕಿದವರು ತಿಂಗಳುಗಟ್ಟಲೆ ಕಾದಿದ್ದಾರೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತುಹೋಯಿತು. ಈಗ ಅಂಗಡಿಯಲ್ಲಿ ‘ಕಂಪನಿ ಪೀಸ್’ ಅಂತ ಕೊಡುವುದು ಒಂದೋ ಎಲ್ಲೋ ಉಳಿದ ಹಳೆಯ ದಾಸ್ತಾನು, ಇಲ್ಲವೇ ಬೇರೆಯವರು ಮಾಡಿದ್ದು. 2022ರಲ್ಲಿ ಯೆಜ್ಡಿ ಹೆಸರಿನ ಗಾಡಿ ಮತ್ತೆ ಬಂದಿದೆ ನಿಜ. ಅದು ಫೋರ್ ಸ್ಟ್ರೋಕ್. ಅದರ ಸಾಮಾನು ಇದಕ್ಕೆ ಆಗುವುದಿಲ್ಲ. ಮಾರಲು ಬಂದವರು ‘ಶೋರೂಮಲ್ಲಿ ಎಲ್ಲ ಸಿಗುತ್ತೆ’ ಅಂದರೆ ನಂಬಬೇಡಿ. ತೆಗೆದ ಹಳೆಯ ಸಾಮಾನು ಒಂದನ್ನೂ ಬಿಸಾಡಲು ಬಿಡಬೇಡಿ. ನಟ್ಟು ಬೋಲ್ಟು ಕೂಡ. ಆಗಿನ ಲೋಹ ಈಗಿನ ನಕಲಿಗಿಂತ ಗಟ್ಟಿ.

ಕೊಟ್ಟಿಗೆ ಪಕ್ಕ ಅಂದಿರಲ್ಲ, ಅದಕ್ಕೊಂದು ಮಾತು. ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆ, ತಾಮ್ರ ತಿನ್ನುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟುಗಳು, ವೈರಿನ ತುದಿಗಳು, ಪ್ಲಗ್ಗಿಗೆ ಕಿಡಿ ಕೊಡಿಸುವ ಪ್ಲಾಟಿನಂ ಪಾಯಿಂಟಿನ ಸುತ್ತ ಹಸಿರು ಪುಡಿ ಕಂಡರೆ ಅದೇ. ಇನ್ನು ತೊಗರಿ ಚೀಲ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ನಾನು ಒಂದು ಗಾಡಿಯ ಏರ್ ಫಿಲ್ಟರ್ ಡಬ್ಬಿಯಿಂದ ಎರಡು ಮುಷ್ಟಿ ತೊಗರಿ ಹೊಟ್ಟು, ಒಂದು ಹರಿದ ಬನಿಯನ್ನಿನ ಚೂರು, ಮಕ್ಕಳ ಪೆನ್ಸಿಲ್ಲಿನ ತುಂಡು ತೆಗೆದಿದ್ದೇನೆ. ಸೈಲೆನ್ಸರ್ ಬಾಯಲ್ಲಿ ಕಣಜದ ಮಣ್ಣುಗೂಡು ಇರಬಹುದು. ಕಡ್ಡಿ ಹಾಕಿ ನೋಡಿ. ವೈರಿಂಗ್ ರಿಪೇರಿ ಮಾಡಿಸಬೇಡಿ, ಪೂರ್ತಿ ಹೊಸದು ಹಾಕಿಸಿ, ಫ್ಯೂಸ್ ಸೇರಿಸಿ. ಯೆಜ್ಡಿಯಲ್ಲಿ 6 ವೋಲ್ಟಿನವೂ ಇವೆ, 12 ವೋಲ್ಟಿನವೂ ಇವೆ. ಹಳೆಯ ಬಲ್ಬಿನ ಮೇಲೆ ಬರೆದಿರುತ್ತದೆ. ಅದನ್ನು ನೋಡಿ ಬ್ಯಾಟರಿ ತನ್ನಿ.

ಟೈರಿನಲ್ಲಿ ಗೀರು ಚೆನ್ನಾಗಿದೆ ಅಂತ ಉಳಿಸಬೇಡಿ. ರಬ್ಬರ್ ಕಲ್ಲಾಗಿರುತ್ತದೆ. ಬ್ರೇಕ್ ಶೂ ನೋಡಲು ದಪ್ಪಗಿದ್ದರೂ ಅಂಟು ಬಿಟ್ಟಿರುತ್ತದೆ. ಲೈನಿಂಗ್ ಕಳಚಿ ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರ ಅಲ್ಲೇ ನಿಲ್ಲುತ್ತದೆ. ಡ್ರಮ್ ತೆಗೆದಾಗ ಆ ಪುಡಿಯನ್ನು ಬಾಯಿಂದ ಊದಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಲಚ್ ಪ್ಲೇಟಿನ ಕಾರ್ಕು ಒಣಗಿ ಒಂದಕ್ಕೊಂದು ಅಂಟಿರುತ್ತದೆ. ಎಂಜಿನ್ ಬಿಚ್ಚಿದಾಗ ಅದೂ ಆಗಿಹೋಗಲಿ.

ಟ್ಯಾಂಕಿನ ಒಳಗಿನ ತುಕ್ಕಿಗೆ ನಮ್ಮ ಕಡೆ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುವುದು ರೂಢಿ. ತುಕ್ಕು ಹೋಗುತ್ತದೆ, ಜೊತೆಗೆ ತಗಡೂ ಹೋಗುತ್ತದೆ. ತೊಳೆದ ಅರ್ಧ ಗಂಟೆಗೆ ಹೊಸ ತುಕ್ಕು ಕೆಂಪಗೆ ಮೂಡುತ್ತದೆ. ಅದರ ಬದಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಬಿಸಿನೀರಲ್ಲಿ ಕಲಸಿ ಒಂದು ರಾತ್ರಿ ತುಂಬಿಡಿ. ಬೆಳಗ್ಗೆ ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಒಳಗೆಲ್ಲ ಟೂಟಿ ಆಯಿಲ್ ಸವರಿಕೊಳ್ಳುವ ಹಾಗೆ ಅಲ್ಲಾಡಿಸಿ. ತೂತು ಬಿದ್ದಿದ್ದರೆ ವೆಲ್ಡಿಂಗ್‌ಗೆ ಮುಂಚೆ ಟ್ಯಾಂಕ್ ತೊಳೆದು ನೀರು ತುಂಬಿಸಿರಬೇಕು. ‘ಇಪ್ಪತ್ತು ವರ್ಷದಿಂದ ಖಾಲಿ ಇದೆ’ ಅನ್ನುವ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಉಳಿದಿರುತ್ತದೆ. ಇದರಲ್ಲಿ ತಮಾಷೆ ಬೇಡ.

ಪೆಟ್ರೋಲ್ ಕೂಡ ನಿಮ್ಮ ಅಪ್ಪನ ಕಾಲದ್ದಲ್ಲ. ಈಗ ಬಂಕಿನಲ್ಲಿ ಬಹುತೇಕ ಸಿಗುವುದು ಶೇ 20 ಎಥೆನಾಲ್ ಬೆರೆತ ಇ20. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ವಾಷರ್ ಇದಕ್ಕೆ ಬೇಗ ಉಬ್ಬುತ್ತವೆ, ಕರಗುತ್ತವೆ. ಹೊಸ ಪೈಪು ಹಾಕಿಸಿ. ದೊಡ್ಡ ಅಪಾಯ ಗಾಡಿ ನಿಂತಾಗ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎಥೆನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ. ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕ್ ತೆಗೆದಾಗ ಎಂಜಿನ್ನಿಗೆ ಮೊದಲು ಹೋಗುವುದು ಆಯಿಲ್ ಇಲ್ಲದ ತಳದ ನೀರು. ಹಾಗಾಗಿ ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿ ಆಗುವವರೆಗೆ ಓಡಿಸಿ. ತಿಂಗಳುಗಟ್ಟಲೆ ಆದರೆ ಟ್ಯಾಂಕನ್ನೂ ಬಸಿಯಿರಿ. ಲೀಟರಿಗೆ 40 ಎಂಎಲ್ ಟೂಟಿ ಆಯಿಲ್, ಕ್ಯಾನಿನಲ್ಲೇ ಕಲಸಿ ಹಾಕಿ. ‘ಆಯಿಲ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು’ ಅನ್ನುವುದು ಇನ್ನೊಂದು ನಂಬಿಕೆ. ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಕಟ್ಟುತ್ತದೆ. ಸ್ವಲ್ಪ ಓಡಿಸಿ ಪ್ಲಗ್ ತೆಗೆದು ನೋಡಿ. ಬಿಳಿ ಇದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಒದ್ದೆ ಕಪ್ಪು ಇದ್ದರೆ ಆಯಿಲೋ ಪೆಟ್ರೋಲೋ ಜಾಸ್ತಿ. ಜೋಳದ ರೊಟ್ಟಿ ಮೇಲಿನ ಕಂದು ಚುಕ್ಕೆಯ ಬಣ್ಣ ಇದ್ದರೆ ಮುಚ್ಚಿ, ಓಡಿಸಿ.

ಮೊದಲ 500 ಕಿಲೋಮೀಟರ್ ಚಳಿಗಾಲದ ಬೆಳಗ್ಗೆಗಳಲ್ಲಿ ಮುಗಿಸಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಹೊಸ ಪಿಸ್ಟನ್ ಹಾಕಿ ಆ ಬಿಸಿಲಲ್ಲಿ ಬೀದರ್‌ವರೆಗೆ ಒಂದೇ ದಮ್ಮಿಗೆ ಹೋಗುವ ಹುಮ್ಮಸ್ಸು ಬೇಡ.

ಈಗ ಕಾಗದ. ನಾನಾದರೆ ಎಂಜಿನ್ನಿಗೆ ಒಂದು ರೂಪಾಯಿ ಹಾಕುವ ಮುಂಚೆ ಇಲ್ಲಿಂದಲೇ ಶುರು ಮಾಡುತ್ತೇನೆ. ಆರ್‌ಸಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. ನಿಮ್ಮದು 2004ಕ್ಕೇ ಮುಗಿದಿದೆ. ಕೈಬರಹದ ಆರ್‌ಸಿ ಪುಸ್ತಕದ ಗಾಡಿಗಳು ಎಷ್ಟೋ ಸಲ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಡಿ. ಬರದಿದ್ದರೆ ಕಲಬುರಗಿ ಆರ್‌ಟಿಓಗೆ ಪುಸ್ತಕ ಒಯ್ದು ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ದಾಖಲೆ ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡಿಸಿ. ಅಪ್ಪ ತೀರಿಕೊಂಡಿರುವುದರಿಂದ ಹೆಸರು ಬದಲಾವಣೆಗೆ ಫಾರಂ 31. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಅವ್ವ ಮತ್ತು ಅಣ್ಣ ತಮ್ಮ ಅಕ್ಕ ತಂಗಿಯರ ಒಪ್ಪಿಗೆ ಕೇಳುತ್ತಾರೆ. ರಿನ್ಯೂವಲ್‌ಗೆ ಫಾರಂ 25. ಇಪ್ಪತ್ತು ವರ್ಷ ದಾಟಿದ ಬೈಕಿಗೆ ರಿನ್ಯೂವಲ್ ಶುಲ್ಕ 2025ರ ಆಗಸ್ಟ್‌ನಿಂದ ₹2,000. ಇದರ ಜೊತೆ ತಡವಾದ ಪ್ರತಿ ತಿಂಗಳಿಗೆ ಬೈಕಿಗೆ ₹300 ಹೆಚ್ಚುವರಿ ಎಂಬ ನಿಯಮ 2022ರ ಏಪ್ರಿಲ್‌ನಿಂದ ಇದೆ. ಹಸಿರು ತೆರಿಗೆ ಬೇರೆ. ಇವೆಲ್ಲ ಸೇರಿ ನಿಮ್ಮ ಗಾಡಿಗೆ ಎಷ್ಟಾಗುತ್ತದೆ ಅಂತ ಕೌಂಟರಿನಲ್ಲಿ ಲೆಕ್ಕ ಹಾಕಿಸಿಯೇ ಮುಂದಿನ ಹೆಜ್ಜೆ ಇಡಿ. ಏಜೆಂಟರ ಬಾಯಿ ಲೆಕ್ಕ ಬೇಡ. ಗಾಡಿ ತೋರಿಸುವುದು ಕೊನೆಯ ಹಂತ. ಅಷ್ಟರೊಳಗೆ ಅದು ಓಡುವ ಸ್ಥಿತಿಗೆ ಬಂದಿರಬೇಕು. ಲೈಟು, ಹಾರ್ನು, ಬ್ರೇಕು ಎಲ್ಲ ಇರಬೇಕು.

‘ಹಳೆಯ ಗಾಡಿ ಅಲ್ವಾ, ವಿಂಟೇಜ್ ಮಾಡಿಸಿಬಿಡಿ’ ಅಂತ ಯಾರಾದರೂ ಹೇಳುತ್ತಾರೆ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಆಗಿರಬೇಕು. ನಿಮ್ಮದಕ್ಕೆ 2034 ಬರಬೇಕು. ಬಂದರೂ ಹೊಸ ವಿಂಟೇಜ್ ನೋಂದಣಿಗೆ ₹20,000, ಮೇಲಾಗಿ ದಿನನಿತ್ಯ ಓಡಿಸುವ ಹಾಗಿಲ್ಲ. ಹೊಲಕ್ಕೆ ಹೋಗಿಬರುವವರಿಗೆ ಅದು ಯಾಕೆ ಬೇಕು?

ಚಾಸಿ ನಂಬರಿನ ವಿಷಯದಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಇರಿ. ಹ್ಯಾಂಡಲ್ ಕೆಳಗಿನ ಕುತ್ತಿಗೆ ಹತ್ತಿರ ಕೊರೆದಿರುತ್ತದೆ. ಪೇಂಟರ್ ಪಾಲಿಶ್ ಕಾಗದದಲ್ಲಿ ಜೋರಾಗಿ ಉಜ್ಜಿದರೆ ಅಥವಾ ಪೌಡರ್ ಕೋಟಿಂಗ್ ದಪ್ಪಗೆ ಹತ್ತಿದರೆ ನಂಬರ್ ಕಾಣುವುದಿಲ್ಲ. ಆರ್‌ಟಿಓದಲ್ಲಿ ನಂಬರ್ ಕಾಣದ ಗಾಡಿ ಕಳವಿನ ಗಾಡಿಯ ಹಾಗೇ. ಇವತ್ತೇ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ತೆಗೆದಿಟ್ಟುಕೊಳ್ಳಿ. ಆರ್‌ಸಿ ಜೊತೆ ಹೋಲಿಸಿ. ‘ನಿಮ್ಮ ಎಂಜಿನ್ ಬೇಡ, ನನ್ನ ಹತ್ತಿರ ರೆಡಿ ಎಂಜಿನ್ ಇದೆ, ಅದಲು ಬದಲು ಮಾಡೋಣ’ ಅಂದವರಿಗೆ ಕೈ ಮುಗಿದು ಬನ್ನಿ.

ಹಾಗಾದರೆ ಏನು ಮಾಡಬೇಕು? 65 ಸಾವಿರ ಹೇಳಿದ ಮೆಕ್ಯಾನಿಕ್ ಮೋಸಗಾರ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ಮೊತ್ತ ಒಪ್ಪಬೇಡಿ. ಎಂಜಿನ್ ಎಷ್ಟು, ಚಕ್ರ ಬ್ರೇಕು ಎಷ್ಟು, ವೈರಿಂಗ್ ಎಷ್ಟು, ಬಣ್ಣ ಕ್ರೋಮು ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ಎಂಜಿನ್ನಿನದು ಬಿಚ್ಚಿದ ಮೇಲೆಯೇ ಹೇಳಲಿ. ಬಿಡಿಸಿ ಬರೆದಾಗ ನಿಮಗೇ ಕಾಣುತ್ತದೆ, ಹೊಳೆಯುವ ಕೆಲಸವೇ ಓಡುವ ಕೆಲಸಕ್ಕಿಂತ ದುಬಾರಿ. ನನ್ನ ಅಭಿಪ್ರಾಯ ಕೇಳಿದರೆ ಈ ವರ್ಷ ಎಂಜಿನ್, ಬ್ರೇಕು, ಟೈರು, ವೈರಿಂಗ್ ಮಾತ್ರ. ಮೈ ಇದ್ದ ಹಾಗೇ ಇರಲಿ. ಒಂದು ಮಳೆಗಾಲ ಓಡಿಸಿ. ಸೀಲು ಸೋರುತ್ತದಾ, ಗೇರ್ ಜಾರುತ್ತದಾ ಎಲ್ಲ ಆಗ ಗೊತ್ತಾಗುತ್ತದೆ. ಬಣ್ಣ ಮೊದಲು ಹಚ್ಚಿಸಿದರೆ ಮತ್ತೆ ಎಂಜಿನ್ ಇಳಿಸುವಾಗ ಸ್ಪ್ಯಾನರ್ ಜಾರಿ ಹೊಸ ಬಣ್ಣವೇ ಮೊದಲು ಕಿತ್ತುಹೋಗುತ್ತದೆ. ಈ ದಾರಿಯ ತೊಂದರೆ ಅಂದರೆ ಗಾಡಿ ನೋಡಲು ಹಳೆಯದಾಗೇ ಇರುತ್ತದೆ, ಊರವರು ‘ಇದಕ್ಕಾ ಅಷ್ಟು ಖರ್ಚು ಮಾಡಿದ್ದು?’ ಅನ್ನುತ್ತಾರೆ. ಅದನ್ನು ತಡೆದುಕೊಳ್ಳಬೇಕು. ಪೂರ್ತಿ ಕೆಲಸ ಒಂದೇ ಸಲ ಮಾಡಿಸಿದರೆ ಚಂದ ಕಾಣುತ್ತದೆ. ಆದರೆ ರೊಕ್ಕ ಅರ್ಧಕ್ಕೆ ನಿಂತರೆ ಗಾಡಿ ಬಿಚ್ಚಿದ ಡಬ್ಬಿಗಳಲ್ಲಿ ಉಳಿಯುತ್ತದೆ. ಅಂಥ ಗಾಡಿ ಮತ್ತೆ ಗಾಡಿಯಾಗಿದ್ದು ಕಡಿಮೆ.

ಖರ್ಚು ಆಗುವುದಿಲ್ಲ ಅನಿಸಿದರೆ ಹಾಗೇ ಇಟ್ಟುಕೊಳ್ಳುವುದೂ ತಪ್ಪಲ್ಲ. ಕೊಟ್ಟಿಗೆಯಿಂದ ದೂರ, ಒಣ ಕೋಣೆಗೆ ಬದಲಿಸಿ. ಎಂಜಿನ್ ಬಿಡಿಸಿ, ಎಣ್ಣೆ ಹಾಕಿ, ತಿಂಗಳಿಗೊಮ್ಮೆ ಚಕ್ರ ತಿರುಗಿಸಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಕೊಡುವುದೇ ಆದರೆ ಹೈದರಾಬಾದಿನವರ 30 ಸಾವಿರಕ್ಕೆ ಖಾಲಿ ಫಾರಂಗೆ ಸಹಿ ಹಾಕಿ ಕಳಿಸಬೇಡಿ. ಅಪ್ಪನ ಹೆಸರಿಂದ ನಿಮ್ಮ ಹೆಸರಿಗೆ, ಬೇರೆ ರಾಜ್ಯಕ್ಕೆ ಹೋಗುವುದರಿಂದ ಆರ್‌ಟಿಓದ ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಆಮೇಲೆ ಅವರ ಹೆಸರಿಗೆ. ಅದಿಲ್ಲದೆ ಗಾಡಿ ಎಲ್ಲಿ ಗುದ್ದಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ. ಗುಜರಿಗೂ ಇದೇ ಮಾತು. ನೋಂದಣಿ ರದ್ದು ಮಾಡಿಸದೆ ಹಾಕಿದರೆ ನಿಮ್ಮ ನಂಬರು ಬೇರೆ ಗಾಡಿ ಮೇಲೆ ತಿರುಗಬಹುದು.

ಕೊನೆಗೆ ಅವ್ವನ ನೆಗ್ಗು. ಖಂಡಿತ ಉಳಿಸಬಹುದು. ಬಣ್ಣ ನೆಗ್ಗಿನ ಮೇಲೂ ಚೆನ್ನಾಗೇ ಕೂರುತ್ತದೆ, ಒಳಗೆ ತುಕ್ಕು ಇರಬಾರದು ಅಷ್ಟೇ. ಒಂದು ವೇಳೆ ಟ್ಯಾಂಕಿನ ಹಳೆಯ ಬಣ್ಣವೇ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ, ಸಾಬೂನು ನೀರಲ್ಲಿ ತೊಳೆದು ರಬ್ಬಿಂಗ್ ಕಾಂಪೌಂಡ್ ತಿಕ್ಕಿ ನೋಡಿ. ಕೆಲವೊಮ್ಮೆ ಹೊಸ ಬಣ್ಣವೇ ಬೇಕಾಗುವುದಿಲ್ಲ. ಬೇರೆ ಬಣ್ಣ ಹಚ್ಚಿಸುವ ಮನಸ್ಸಿದ್ದರೆ ಆರ್‌ಸಿಯಲ್ಲಿ ಬರೆದ ಬಣ್ಣ ನೋಡಿ, ಆರ್‌ಟಿಓದಲ್ಲಿ ಕೇಳಿಕೊಂಡು ಮುಂದುವರಿಯಿರಿ. ಪೇಂಟರ್ ಕೈಗೆ ಟ್ಯಾಂಕ್ ಕೊಡುವಾಗ ನೆಗ್ಗಿನ ಮೇಲೆ ಟೇಪ್ ಅಂಟಿಸಿ, ‘ಇಲ್ಲಿ ಪುಟ್ಟಿ ಬೇಡ’ ಅಂತ ದಪ್ಪಗೆ ಬರೆಯಿರಿ. ಬಾಯಲ್ಲಿ ಹೇಳಿ ಬಂದರೆ ಸಾಲದು. ಬೆಳಗ್ಗೆ ಕೇಳಿಸಿಕೊಂಡವನು ಊಟಕ್ಕೆ ಹೋಗಿರುತ್ತಾನೆ, ಪುಟ್ಟಿ ಹಚ್ಚುವ ಹುಡುಗ ಬೇರೆ ಇರುತ್ತಾನೆ.